ಎಡಸೊಂಟದ ಕೊಡ

"ಆಟ ಚೆನ್ನಾಗಿದೆ. ಆದರೆ ಸುಮ್ಮನೆ ನಿಂತಾಗ ಯಾರೋ ಸೊಂಟ ಹಿಡಿದು ಎಳೆದ ಹಾಗಾಗುತ್ತದೆ."

"ಹಾರುವುದು ಸೊಗಸು, ಇಳಿಯುವುದು ಇನ್ನೂ ಸೊಗಸು. ನೆಟ್ಟಗೆ ನಿಲ್ಲುವುದು ಮಾತ್ರ ಈ ಆಟಕ್ಕೆ ಬರುವುದಿಲ್ಲ."

"ಆಟ ಕೊಂಡರೆ ತಲೆಸುತ್ತು ಪುಕ್ಕಟೆ."

"ಏನೋ ಒಂದು ಸರಿ ಇಲ್ಲ. ಏನು ಅಂತ ನನ್ನನ್ನು ಕೇಳಬೇಡಿ, ನನಗೂ ಗೊತ್ತಾಗುತ್ತಿಲ್ಲ. ಆದರೆ ಸರಿ ಮಾಡಿ."

ಇಂಥವನ್ನು ಬೆಳಗಿನಿಂದ ಸಂಜೆಯವರೆಗೆ ಓದುವುದೇ ಮಹಾನಂದಾಳ ನೌಕರಿ. ಹುಬ್ಬಳ್ಳಿಯ ಒಂದು ಕಂಪನಿ 'ಗಾಲಿಗಾಲು' ಎಂಬ ಸ್ಕೇಟ್‌ಬೋರ್ಡ್ ಆಟ ತಯಾರಿಸಿ ಬಿಟ್ಟಿತ್ತು. ಅದನ್ನು ಆಡಿದವರು ಲೋಕದ ಯಾವ ಮೂಲೆಯಿಂದ ಯಾವ ಭಾಷೆಯಲ್ಲಿ ಬೈದರೂ ಯಂತ್ರ ಅದನ್ನು ಕನ್ನಡಕ್ಕೆ ತಿರುಗಿಸಿ ಅವಳ ಮುಂದೆ ಸುರಿಯುತ್ತಿತ್ತು. ಆಟ ಆಡುವವರ ಬಾಯಿ ನಿಮಗೆ ಗೊತ್ತೇ ಇದೆ. ಹೊಗಳುವಾಗ ಒಂದು ಮಾತಿಗೆ ಮುಗಿಸುತ್ತಾರೆ, ತೆಗಳಲು ಕೂತರೆ ಪುರಾಣವನ್ನೇ ಬಿಚ್ಚುತ್ತಾರೆ. ಮಹಾನಂದಾ ಎಲ್ಲವನ್ನೂ ಸಮಾಧಾನದಿಂದ ಓದಿ, ಯಾವುದು ನಿಜವಾದ ದೋಷ, ಯಾವುದು ಆಡುವವರ ಅಭ್ಯಾಸದ ಮಾತು ಎಂದು ಬೇರೆ ಮಾಡಬೇಕು. ದೋಷ ಎಂದು ಅವಳು ಗುರುತು ಹಾಕಿದ್ದು ಪ್ರಯೋಗಾಲಯಕ್ಕೆ ಹೋಗುತ್ತದೆ. ಅಭ್ಯಾಸ ಎಂದು ಹಾಕಿದ್ದು ಅಲ್ಲಿಗೇ ಮುಗಿಯುತ್ತದೆ.

ನಿಂತಾಗ ಸೊಂಟ ಎಳೆಯುತ್ತದೆ ಎಂಬ ದೂರುಗಳೆಲ್ಲದರ ಮೇಲೂ ಅವಳು 'ಅಭ್ಯಾಸ' ಎಂದೇ ಹಾಕುತ್ತಿದ್ದಳು. ಅದು ಸುಳ್ಳು. ಸುಳ್ಳು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಆಟದ ಹೊಸತನ ಏನೆಂದು ಸ್ವಲ್ಪ ಹೇಳಿಬಿಡುತ್ತೇನೆ. ಅದುವರೆಗಿನ ಆಟಗಳು ಕಣ್ಣಿಗೂ ಕಿವಿಗೂ ಬೆರಳಿಗೂ ಕೆಲಸ ಕೊಟ್ಟವು. ಗಾಲಿಗಾಲು ಕೈಹಾಕಿದ್ದು ತೋಲಕ್ಕೆ. ತೋಲ ಅಂದರೆ ಬೇರೇನಲ್ಲ, ಮೈಯ ಸಮತೋಲ, ಸೈಕಲ್ ಕಲಿಯುವ ಮಗುವಿಗೆ ಇನ್ನೂ ಸಿಗದಿರುವುದು, ಕುಡಿದು ಮನೆಗೆ ಹೊರಟವನ ಕೈಬಿಟ್ಟಿರುವುದು. ನಮ್ಮ ಕಿವಿಯ ಆಳದಲ್ಲಿ ನೀರಿನಂಥ ದ್ರವ ತುಂಬಿದ ಪುಟ್ಟ ಕೊಳವೆಗಳಿವೆ. ತಲೆ ಯಾವ ಕಡೆ ತಿರುಗಿದರೂ ವಾಲಿದರೂ ಒಳಗಿನ ಸೂಕ್ಷ್ಮ ಕೂದಲುಗಳು ಬಾಗುತ್ತವೆ, ಕೂಡಲೇ ನರ ಹೋಗಿ ಮಿದುಳಿಗೆ ಚಾಡಿ ಹೇಳುತ್ತದೆ. ಕಂಪನಿಯವರು ಮಾಡಿದ ಪಟ್ಟಿಯೊಂದು ಕಿವಿಯ ಹಿಂದಿನ ಎಲುಬಿನ ಮೇಲೆ ಕುಳಿತು, ನೋವಾಗದಷ್ಟು ಸಣ್ಣ ವಿದ್ಯುತ್ತಿನಿಂದ ಆ ನರದ ಬಾಯಲ್ಲಿ ಸುಳ್ಳು ಹೇಳಿಸುತ್ತಿತ್ತು. ಕುರ್ಚಿಯಲ್ಲಿ ಕೂತವನಿಗೆ ಹಲಗೆಯ ಮೇಲೆ ನಿಂತಂತೆ, ಇಳಿಜಾರಿನಲ್ಲಿ ಜಾರಿದಂತೆ, ಗಾಳಿಯಲ್ಲಿ ಒಂದು ಸುತ್ತು ತಿರುಗಿ ನೆಲಕ್ಕೆ ಬಂದಂತೆ ಆಗುತ್ತಿತ್ತು.

ಆದರೆ ಸುಳ್ಳನ್ನಾದರೂ ಎಲ್ಲಿಂದಲೋ ತರಬೇಕಲ್ಲ. ನಿಜವಾಗಿ ಸ್ಕೇಟ್‌ಬೋರ್ಡ್ ಆಡುವವರನ್ನು ಕರೆಸಿ, ಮೈತುಂಬ ಅಳತೆಯ ಗುಂಡಿಗಳನ್ನು ಅಂಟಿಸಿ, ಅವರ ತೋಲವನ್ನು ದಾಖಲಿಸಿಕೊಂಡರು. ಓಟ, ಜಿಗಿತ, ತಿರುವು ಎಲ್ಲವನ್ನೂ ಹಲವರ ತೋಲ ಕೂಡಿಸಿ ಕಟ್ಟಿದರು. ಸುಮ್ಮನೆ ನಿಲ್ಲುವುದು ಮಾತ್ರ ಒಬ್ಬಳದೇ ಆಗಬೇಕಾಯಿತು. ಉಳಿದವರೆಲ್ಲ ಹಲಗೆಯ ಮೇಲೆ ನಿಂತಲ್ಲಿ ನಿಲ್ಲಲಾರದೆ ಕಾಲು ಕೆದರುತ್ತಿದ್ದರು. ಕಸ್ತೂರಿಯೊಬ್ಬಳೇ, ನಿಲ್ಲು ಎಂದರೆ ಎಷ್ಟು ಹೊತ್ತಾದರೂ ಆರಾಮಾಗಿ ನಿಲ್ಲುತ್ತಿದ್ದಳು.

ಕಸ್ತೂರಿ ಮಹಾನಂದಾಳ ತಂಗಿ.

ಬಿರುಕು ಬಿಟ್ಟು ಕೈಬಿಟ್ಟಿದ್ದ ಹಳೆಯ ನೀರಿನ ಟಾಕಿಯೊಂದು ಅವರ ಓಣಿಯ ಹಿಂದೆ ಇತ್ತು. ಅದರ ಒಣ ತಳದಲ್ಲಿ, ಸಿಮೆಂಟಿನ ಇಳಿಜಾರುಗಳ ಮೇಲೆ, ಯಾರೋ ಕೊಟ್ಟ ಹಳೆಯ ಹಲಗೆ ಹಿಡಿದು ತಾನೇ ಬಿದ್ದು ಎದ್ದು ಕಲಿತ ಹುಡುಗಿ ಅವಳು. ಮೊಣಕೈ, ಮೊಣಕಾಲು ಒಂದೂ ನೆಟ್ಟಗಿರಲಿಲ್ಲ. ಅಷ್ಟೆತ್ತರದಿಂದ ಹಾರಿ ಏನೂ ಆಗದವಳು ಕೊನೆಗೆ ಒಂದು ಸೊಳ್ಳೆಗೆ ಸೋತಳು. ಡೆಂಗಿ ಎಂದರು, ರಕ್ತ ಬೇಕು ಎಂದರು, ರಕ್ತ ತರುವಷ್ಟರಲ್ಲಿ ಬೇಡ ಎಂದರು. ಆಟ ಬಿಡುಗಡೆಯಾದಾಗ ಅವಳು ಇರಲಿಲ್ಲ. ಮಹಾನಂದಾ ಆ ಕಂಪನಿಗೆ ಸೇರಿದ್ದೇ ಆಮೇಲೆ. ಯಾಕೆ ಸೇರಿದೆ ಎಂದು ಕೇಳಿದವರಿಗೆ ಮನೆಗೆ ಹತ್ತಿರ ಎಂದು ಹೇಳುತ್ತಿದ್ದಳು.

ಮನೆಯಲ್ಲಿ ತಾಯಿ ಬಸಲಿಂಗವ್ವ ಮಧ್ಯಾಹ್ನದ ರೊಟ್ಟಿ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕಿವಿಗೆ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಆಟದ ಗಂಧಗಾಳಿಯೂ ಇರಲಿಲ್ಲ. ಹಲಗೆ ಉರುಳಿದರೆ ವಾಂತಿ ಬರುವಂತಾಗುತ್ತಿತ್ತು. ಅವಳು ಉರುಳಿಸುತ್ತಲೇ ಇರಲಿಲ್ಲ. ಆಟ ಶುರುವಾಗುವ ಜಾಗದಲ್ಲಿ, ಇಳಿಜಾರಿನ ತುದಿಯಲ್ಲಿ, ಹಲಗೆಯ ಮೇಲೆ ಸುಮ್ಮನೆ ನಿಲ್ಲುವಳು. ಅಷ್ಟೇ. ಪರದೆಯ ಮೇಲಿದ್ದುದು ಯಾವುದೋ ಕೆಂಪು ಟೋಪಿಯ ಹುಡುಗನ ಚಿತ್ರ, ಅದನ್ನು ಅವಳು ನೋಡುತ್ತಲೂ ಇರಲಿಲ್ಲ. ಕಣ್ಣು ಮುಚ್ಚಿ ಕೂರುತ್ತಿದ್ದಳು.

"ಹಾಕ್ಕೊಂಡ ನೋಡ ನಂದಾ," ಎಂದಿದ್ದಳು ಮೊದಲ ದಿನ. "ಎಡಗಡಿ ಸೊಂಟ ನೋಡ. ಆಕಿನ ಹೌದಲ್ಲೋ?"

ಮಹಾನಂದಾ ಹಾಕಿಕೊಂಡಳು. ಎಡಸೊಂಟ ಹೊರಗೆ ಹೋಯಿತು, ತಲೆ ಬಲಕ್ಕೆ ತುಸು ವಾಲಿತು, ಎಡಗಾಲಿನ ಮೇಲೆ ಭಾರ ಇಳಿಯಿತು. ತಂಗಿ ಪಕ್ಕದಲ್ಲಿ ನಿಂತಿದ್ದಾಳೆ ಅನಿಸಲಿಲ್ಲ. ತಂಗಿಯ ಒಳಗೆ ತಾನು ನಿಂತಿದ್ದೇನೆ ಅನಿಸಿತು.

ಅದು ಯಾವ ನಿಲುವು ಎಂದು ಲೋಕದ ಆಟಗಾರರಿಗೆ ಗೊತ್ತಾಗದಿದ್ದರೆ ತಪ್ಪಿಲ್ಲ. ವಾರಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಬೆಳೆದವರಿಗೆ ಮಾತ್ರ ಗೊತ್ತಾಗುವಂಥದು. ನಲ್ಲಿಯಿಂದ ಮನೆಯವರೆಗೆ ಅಕ್ಕ ತಂಗಿ ಕೂಡಿ ನೀರು ತರುತ್ತಿದ್ದರು. ಅಕ್ಕನ ಬಲಸೊಂಟದ ಮೇಲೊಂದು ಕೊಡ, ತಂಗಿಯ ಎಡಸೊಂಟದ ಮೇಲೊಂದು ಕೊಡ, ನಡುವೆ ಇಬ್ಬರ ಖಾಲಿ ಕೈಗಳೂ ಹಿಡಿದ ಒಂದು ಬಕೀಟು. ಒಂದು ಸಲಕ್ಕೆ ಮೂರು ಪಾತ್ರೆ ಸಾಗಲಿ ಎಂದು ಬಸಲಿಂಗವ್ವನೇ ಹೂಡಿದ ಉಪಾಯ. ಇಬ್ಬರೂ ಇನ್ನೂ ಬೆಳೆಯುವ ವಯಸ್ಸಿನವರು. ಎಲುಬು ಆ ಕೊಡಗಳ ಸುತ್ತಲೇ ಬೆಳೆಯಿತು. ನೀರು ತಂದಾದ ಮೇಲೆ ತಾಯಿ ಇಬ್ಬರನ್ನೂ ಎರಡು ಮಗ್ಗುಲಿಗೆ ಮಲಗಿಸಿಕೊಂಡು, ಬಿಸಿ ಎಣ್ಣೆಯಲ್ಲಿ ಒಂದು ಕೈಯಿಂದ ಇವಳ ಬಲಸೊಂಟ, ಇನ್ನೊಂದು ಕೈಯಿಂದ ಅವಳ ಎಡಸೊಂಟ ತಿಕ್ಕುತ್ತಿದ್ದಳು. ಮುಂದೆ ಹಲಗೆಯ ಮೇಲೆ ನಿಂತಾಗಲೂ ಕಸ್ತೂರಿಯ ಎಡಸೊಂಟ ತಾನಾಗಿ ಹೊರಗೆ ಹೋಗುತ್ತಿತ್ತು, ಇಲ್ಲದ ಕೊಡಕ್ಕೆ ಜಾಗ ಮಾಡಿಕೊಡುವಂತೆ.

ಹೀಗಾಗಿ ಮಹಾನಂದಾ ಎಲ್ಲ ದೂರುಗಳ ಮೇಲೆ 'ಅಭ್ಯಾಸ' ಎಂದು ಹಾಕಿದಳು. "ಈ ನಿಲುವು ಮಾಡಿದವರಿಗೆ ನಿಲ್ಲಲು ಯಾರೂ ಕಲಿಸಲಿಲ್ಲವೇ" ಎಂದು ಯಾರೋ ಬರೆದಿದ್ದ ದಿನ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಿದ್ದಳು.

ಅವಳ ಸುಳ್ಳು ನಡೆಯಲು ಕಾರಣವಿತ್ತು. ದೋಷ ಎಲ್ಲಿದೆ, ಯಾವಾಗ ಆಗುತ್ತದೆ, ಯಾವ ಕಡೆಗೆ ಎಂದು ಯಾರಾದರೂ ಸ್ಪಷ್ಟವಾಗಿ ಹೇಳಿದರೆ ಮಾತ್ರ ಪ್ರಯೋಗಾಲಯದವರು ಕೈಹಚ್ಚಬಹುದು. ಇಲ್ಲದಿದ್ದರೆ ಅಷ್ಟು ಅಂಕಿಗಳ ರಾಶಿಯಲ್ಲಿ ಎಲ್ಲಿ ಹುಡುಕುವುದು? ತಲೆ ಸುತ್ತುತ್ತದೆ ಎಂದರು, ಏನೋ ಎಳೆಯುತ್ತದೆ ಎಂದರು, ಅದಕ್ಕಿಂತ ಮುಂದೆ ಯಾರ ಮಾತೂ ಹೋಗಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥ ಇಮ್ತಿಯಾಜ್ ಮುಲ್ಲಾ ಆಗಾಗ ಬಂದು ಅವಳ ಮೇಜಿನ ಹತ್ತಿರ ನಿಲ್ಲುತ್ತಿದ್ದ. ಕಸ್ತೂರಿಯ ಮೈಗೆ ಗುಂಡಿ ಅಂಟಿಸಿ ಅಳತೆ ತೆಗೆದವನು ಅವನೇ. ಅವಳು ಮಹಾನಂದಾಳ ತಂಗಿ ಎಂಬುದೂ ಅವನಿಗೆ ಗೊತ್ತಿತ್ತು. ಒಳ್ಳೆಯವನು, ಕೆಲಸದ ಹುಚ್ಚಿನವನು.

"ನಂದಕ್ಕಾರ, ನಿಂತಾಗ ಏನೋ ಆಗತೈತಂತ ಒಬ್ಬರರ ನೆಟ್ಟಗ ಹೇಳ್ಯಾರೇನ್ರಿ?"

"ಇಲ್ರಿ. ಹೊಸದಾಗಿ ಆಡೋರಿಗೆ ಹಂಗಾಗತೈತಿ, ಆಮ್ಯಾಲೆ ರೂಢಿ ಆಗತೈತಿ."

"ನನಗ ಯಾಕೋ ಅನುಮಾನ ಹೋಗವಲ್ದು ನೋಡ್ರಿ," ಎಂದು ತಲೆ ಕೆರೆದುಕೊಳ್ಳುತ್ತ ಅವನು ಹೋಗುತ್ತಿದ್ದ.

ನಿಜ ಹೇಳಿಬಿಡಬಹುದಿತ್ತು. ಅವನು ಕಲ್ಲುಮನಸ್ಸಿನವನಲ್ಲ. ಆದರೆ ಮೊದಲ ದಿನ ಸುಳ್ಳು ಹಾಕಿದ ಮೇಲೆ ಎರಡನೆಯ ದಿನ ನಿಜ ಹೇಳುವುದು ಕಷ್ಟ, ವರ್ಷ ಕಳೆದ ಮೇಲಂತೂ ಬಾಯೇ ಏಳುವುದಿಲ್ಲ. ನೌಕರಿಯೂ ಹೋದೀತು ಎಂಬ ಅಂಜಿಕೆ ಬೇರೆ.

ಹೀಗಿರುವಾಗ ಕಂಪನಿಯವರಿಗೆ ಅಭಿಪ್ರಾಯಗಳು ಸಾಲವು ಅನಿಸಿತು. ಬರೆಯಲು ಬೇಜಾರು ಪಡುವವರು, ಬರೆಯಲು ಬಾರದವರು ಏನು ಹೇಳುತ್ತಾರೋ ಯಾರಿಗೆ ಗೊತ್ತು? ಆಟ ಮುಗಿದ ಕೂಡಲೇ ಆಟವೇ ಬಾಯಿ ಬಿಟ್ಟು ಕೇಳಲಿ, ಆಡಿದವರು ಬಾಯಿಮಾತಿನಲ್ಲೇ ಹೇಳಲಿ ಎಂದು ತೀರ್ಮಾನವಾಯಿತು. ಒಂದೊಂದು ಭಾಷೆಗೆ ಒಂದೊಂದು ದನಿ ಬೇಕು. ಕನ್ನಡಕ್ಕೆ ಮಹಾನಂದಾಳ ದನಿಯೇ ಇರಲಿ ಎಂದರು. ಪರಿಚಯದವರು ಕೇಳಿದ ಹಾಗೆ ಇರಬೇಕು ಎಂದೂ ಹೇಳಿದರು. ಅವಳು ನಕ್ಕು, ಮನೆಯಲ್ಲಿ ಮಾತಾಡುವ ಹಾಗೇ ಹೇಳಿ ದಾಖಲಿಸಿಕೊಟ್ಟಳು: "ಹ್ಯಾಂಗಿತ್ತು ಆಟ? ಏನರ ಹೇಳೂದಿತ್ತೇನು? ಹೇಳ್ರಿ, ನಾ ಕೇಳತೇನಿ."

ಕೊಟ್ಟು ಮರೆತಳು. ಮರುದಿನವೇ ಬೆಳಗಾವಿಯ ಕಚೇರಿಯಲ್ಲಿ ಹೊಸಬರಿಗೆ ಕೆಲಸ ಕಲಿಸಲೆಂದು ವಾರದ ಮಟ್ಟಿಗೆ ಹೋದಳು. ತಾಯಿಗೆ ಫೋನಿನಲ್ಲಿ ಊಟ ಆಯಿತೇ, ಗುಳಿಗೆ ತಗೊಂಡೆಯಾ ಎಂದು ಕೇಳಿದಳೇ ಹೊರತು ಆಟದ ಮಾತು ಎತ್ತಲಿಲ್ಲ.

ತಿರುಗಿ ಬಂದ ದಿನ ಕಚೇರಿಯ ಮೆಟ್ಟಿಲಲ್ಲೇ ಇಮ್ತಿಯಾಜ್ ಎದುರಾದ. ಮುಖ ಅರಳಿತ್ತು.

"ಸಿಕ್ತ್ರೀ ನಂದಕ್ಕಾರ. ಆ ನಿಲ್ಲೂದು ಸಿಕ್ಕಬಿಡ್ತು. ಯಾರೋ ಒಬ್ಬರು ಬಾಯಾಗ ಹೇಳ್ಯಾರ, ಹಿಂಗ ಕಣ್ಣಿಗೆ ಕಟ್ಟಿದಂಗ. ಓದಿದ ಕೂಡ್ಲೇ ಎಲ್ಲಿ ನೋಡಬೇಕಂತ ತಿಳೀತು. ಮೊನ್ನೆನ ಸರಿ ಮಾಡಿ ಕಳಿಸಿಬಿಟ್ವಿ, ಎಲ್ಲಾರ ಆಟಾನೂ ಬದಲಾತು."

ಮಹಾನಂದಾ ಹತ್ತುತ್ತಿದ್ದ ಮೆಟ್ಟಿಲಲ್ಲೇ ನಿಂತಳು.

"ಹಳೇದು?"

"ಹಳೇದು ಯಾಕ್ರಿ? ಹೊಸದು ಹೋದ ಕೂಡ್ಲೇ ಹಳೇದು ತಾನ ಅಳಿಸಿ ಹೋಗತೈತಿ."

"ಮೂಲದ ದಾಖಲೆ ಇರಬೇಕಲ್ರಿ. ಆಕಿ ಮೈಯಿಂದ ತಗೊಂಡಿದ್ದು."

ಆಗ ಅವನ ಮುಖದ ನಗು ಮೆಲ್ಲಗೆ ಇಳಿಯಿತು. ತೋಲವೆಂದರೆ ಹೆಬ್ಬೆಟ್ಟಿನ ಗುರುತಿನಷ್ಟೇ ಒಬ್ಬರ ಸ್ವಂತದ್ದು, ಕದ್ದವರು ಏನನ್ನಾದರೂ ಮಾಡಬಹುದು, ಅದಕ್ಕೇ ಆಟ ತಯಾರಾದ ಮೇಲೆ ಮೂಲ ದಾಖಲೆಯನ್ನು ನಾಶ ಮಾಡಬೇಕೆಂದು ಕಾನೂನು. ಮಾಡಿದ್ದರು. ಕಸ್ತೂರಿಯ ನಿಲುವು ಭೂಮಿಯ ಮೇಲೆ ಉಳಿದಿದ್ದರೆ ಆ ಆಟದಲ್ಲಿ ಮಾತ್ರ ಉಳಿದಿತ್ತು.

"ನಂದಕ್ಕಾರ," ಎಂದ ಅವನು. "ಅದು ದೋಷ ಅಲ್ಲ, ಆಕಿನ ಅಂತ ನಿಮಗ ಗೊತ್ತಿತ್ತೇನ್ರಿ?"

ಅವಳು ಹೌದೆಂದು ತಲೆಯಾಡಿಸಿದಳು.

"ಒಂದ ಮಾತ ಹೇಳಿದ್ರ ನಾ ಕೈ ಹಚ್ಚತಿದ್ದಿಲ್ಲಲ್ರಿ. ಯಾಕ ಹೇಳ್ಲಿಲ್ಲ?"

ಅವಳು ಅವನನ್ನು ದಾಟಿ ಮೆಟ್ಟಿಲು ಹತ್ತಿದಳು.

ಮೇಜಿಗೆ ಬಂದು ಅವಳು ಆ ಅಭಿಪ್ರಾಯ ತೆರೆದಳು. ಹೇಳಿದವರ ಗುರುತು ಸಿಗಬಾರದೆಂದು ಯಂತ್ರ ಹೆಸರು, ಊರು, ಮನೆಮಾತುಗಳನ್ನೆಲ್ಲ ಕತ್ತರಿಸಿ, ನಿಲುವಿನ ಮಾತನ್ನಷ್ಟೇ ಬರಹಕ್ಕೆ ಇಳಿಸಿ, ಅವಳು ಊರಲ್ಲಿಲ್ಲದ್ದರಿಂದ ನೇರ ಪ್ರಯೋಗಾಲಯಕ್ಕೆ ಕೊಟ್ಟಿತ್ತು. ಮೂಲದ ದನಿ ಕೇಳುವ ಅಧಿಕಾರ ಅವಳೊಬ್ಬಳಿಗೇ ಇತ್ತು. ಕಿವಿಗೆ ಇಟ್ಟುಕೊಂಡು ಗುಂಡಿ ಒತ್ತಿದಳು.

ಮೊದಲು ಅವಳದೇ ದನಿ ಬಂತು. ಹ್ಯಾಂಗಿತ್ತು ಆಟ? ಏನರ ಹೇಳೂದಿತ್ತೇನು? ಹೇಳ್ರಿ, ನಾ ಕೇಳತೇನಿ.

ಆಮೇಲೆ ಒಂದು ಕೆಮ್ಮು. ಆಮೇಲೆ ತಾಯಿ.

"ನಂದಾ, ನೀ ಕೇಳಿದಿ ಅಂತ ಹೇಳಾಕತ್ತೇನಿ. ಬೆಳಗಾವ್ಯಾಗಿದ್ದರೂ ಕೇಳಿದಿ, ಚಲೋ ಆತು. ಆಟ ಛಂದ ಐತಿ. ಆದರ ಈಕಿ ಹಲಗಿ ಮ್ಯಾಲೆ ಸುಮ್ನ ನಿಂತಾಗೆಲ್ಲ ಎಡಸೊಂಟ ಹೊರಗ ಹಾಕತಾಳ, ತಲಿ ಬಲಕ್ಕ ವಾಲಸತಾಳ. ಎಡಗಾಲ ಮ್ಯಾಲೆ ಎಲ್ಲಾ ಭಾರ ಬೀಳತೈತಿ. ತುಂಬಿದ ಕೊಡಾ ಹೊತ್ತೋರು ನಿಲ್ಲೂದು ಹಂಗ. ಸಣ್ಣಾಕಿ ಇದ್ದಾಗ ನಾನ ಹೊರಸಿದ್ನಿ, ಬೆಳಿಯೂ ಮೈ ಅನ್ನೂದನ್ನೂ ನೋಡ್ಲಿಲ್ಲ. ದಿನಾ ಮಧ್ಯಾಹ್ನ ನಾ ಅದನ್ನ ಅನುಭವಿಸ್ತೇನಿ. ನಂದಾ, ನಿಮ್ಮ ಕಚೇರ್ಯಾಗ ಯಾರಿಗರ ಹೇಳಿ ಆ ಕೊಡಾ ಇಳಸವಾ. ಸತ್ತ ಮ್ಯಾಲೂ ಎಷ್ಟಂತ ಹೊತಗೊಂಡ ನಿಂದರಬೇಕದು."

ಅಲ್ಲಿಗೆ ಮುಗಿದಿತ್ತು.

ಲೋಕದವರೆಲ್ಲ ಬೈದು ಬೈದು ತೋರಿಸಲಾಗದಿದ್ದ ಜಾಗವನ್ನು ತಾಯಿ ಮರುಕದಿಂದ ತೋರಿಸಿಕೊಟ್ಟಿದ್ದಳು. ಮಗಳು ಕೇಳಿದಳಲ್ಲ ಎಂದು ಹೇಳಿದ್ದಳು. ಕೇಳಿದ ಮಗಳು ಕೇಳಲೇ ಇಲ್ಲ. ಮಹಾನಂದಾ ಕಿವಿಯಿಂದ ತೆಗೆದಿಟ್ಟು, ಸಂಜೆಯವರೆಗೆ ಬೇರೆಯವರ ಅಭಿಪ್ರಾಯ ಓದಿದಳು. ಒಂದೂ ತಲೆಗೆ ಹೋಗಲಿಲ್ಲ.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಹೊಂದಿಸಿಕೊಂಡಳು. ನಿನ್ನ ಮಾತಿನಿಂದಲೇ ಹೋಯಿತು ಎಂದು ಹೆತ್ತವಳಿಗೆ ಹೇಳುವುದುಂಟೇ? ಪಟ್ಟಿ ಕೆಟ್ಟಿದೆ, ರಿಪೇರಿಗೆ ಕೊಡಬೇಕು ಎಂದು ಹೇಳಿ ಬಚ್ಚಿಟ್ಟುಬಿಡುವುದು ಎಂದು ತೀರ್ಮಾನಿಸಿದಳು. ಬಾಗಿಲು ತೆರೆದರೆ ಬಸಲಿಂಗವ್ವ ಕಿಟಕಿಯ ಪಕ್ಕ ಪಟ್ಟಿ ಹಾಕಿಕೊಂಡೇ ಕೂತಿದ್ದಳು. ಮುಖದಲ್ಲಿ ನಗು ಇತ್ತು.

"ಬಂದಿ? ಬಾ. ಭಾಳ ಚಲೋ ಮಾಡಿದಿ ನೋಡವಾ. ಹೇಳಿದ ಕೂಡ್ಲೇ ಇಳಿಸಿಬಿಟ್ಟಿ. ನೆಟ್ಟಗ ನಿಂತೈತಿ ಈಗ. ಹಗರಾತು ನನಗೂ."

ಮಹಾನಂದಾ ಚಪ್ಪಲಿ ಬಿಡಲು ಬಗ್ಗಿದವಳು ಬಗ್ಗಿಯೇ ಇದ್ದಳು. ತಾಯಿಯ ನಗು ನೋಡುವ ಧೈರ್ಯ ಬರಲಿಲ್ಲ.

ಅಲ್ಲಿಂದ ಹೊಸ ಕಾಟವೊಂದು ಶುರುವಾಯಿತು. ಬಸಲಿಂಗವ್ವ ದಿನಾ ಮಧ್ಯಾಹ್ನ ಮೊದಲಿನ ಹಾಗೇ ಕೂರುತ್ತಿದ್ದಳು. ಮೊದಮೊದಲು ಸಮಾಧಾನದಿಂದ ಕೂತಳು. ಆಮೇಲೆ ಕೂತಲ್ಲೇ ಸೊಂಟವನ್ನು ಅತ್ತಿತ್ತ ಸರಿಸಿ ನೋಡುವುದು, ಪಟ್ಟಿಯನ್ನು ಕಿವಿಯ ಮೇಲೆ ಕೆಳಗೆ ಮಾಡಿ ಹಾಕುವುದು, ಬಿಚ್ಚಿ ಒರೆಸಿ ಮತ್ತೆ ಹಾಕುವುದು ಆಯಿತು. ಕತ್ತಲಲ್ಲಿ ಕೈಗೆ ಸಿಗಬೇಕಾದ ಗೋಡೆ ಸಿಗದಿದ್ದರೆ ತಡಕಾಡುತ್ತೇವಲ್ಲ, ಹಾಗೆ. ಮಗಳು ಕೇಳಿದರೆ ಏನಿಲ್ಲ ಎನ್ನುತ್ತಿದ್ದಳು. ಒಂದು ರವಿವಾರ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾವುದೋ ಸಣ್ಣ ಮಾತು ಕೇಳುವವಳಂತೆ ಕೇಳಿದಳು.

"ನಂದಾ, ಕೊಡಾ ಇಳಿಸಿ ಎಲ್ಲಿ ಹ್ವಾದಳವಾ ಆಕಿ?"

ಮಹಾನಂದಾ ಮಡಿಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ಹೊತಗೊಂಡ ನಿಂತಾಗ ಇದ್ಲು. ಈಗ ನಿಂತಿದ್ದು ಯಾರೋ. ನೆಟ್ಟಗ ಐತಿ, ಛಂದ ಐತಿ, ಯಾರೂ ಇಲ್ಲ ಅದರಾಗ." ಪಟ್ಟಿಯನ್ನು ಬೆರಳಿನಿಂದ ಸವರಿ, "ನಾ ಹೇಳಬಾರದಿತ್ತೇನ?" ಎಂದಳು.

"ನೀ ತಪ್ಪೇನೂ ಹೇಳಿಲ್ಲಬೇ."

"ಮತ್ತ ಆಕಿ ಯಾಕ ಹೋಗಬೇಕು?"

ಮಹಾನಂದಾ ಒಳಗೆ ಹೋಗಿ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆಯ ಮುಂದೆ ನಿಂತಳು. ತಾಯಿಗೆ ಅರ್ಥವಾಗಿತ್ತು. ಯಾರೂ ಹೇಳದೆಯೇ ಅರ್ಥವಾಗಿತ್ತು. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಅತ್ತ ಕಚೇರಿಯಲ್ಲಿ ಸಂಭ್ರಮ. ಬೈಯುತ್ತಿದ್ದವರೆಲ್ಲ ಹೊಗಳತೊಡಗಿದ್ದರು. "ಕೊನೆಗೂ ನಿಲ್ಲಲು ಕಲಿಯಿತು." "ಈಗ ನೋಡಿ ಆಟ ಅಂದರೆ." "ತಲೆಸುತ್ತು ಮಾಯ." ಅವುಗಳ ನಡುವೆ ಎಲ್ಲೋ ಒಂದೊಂದು ಬೇರೆ ದನಿಯದೂ ಬರುತ್ತಿತ್ತು. ದೂರದ ಯಾವುದೋ ಊರಿನವನೊಬ್ಬ ಹೀಗೆ ಬರೆದಿದ್ದ: "ಎಲ್ಲರೂ ಸರಿಯಾಯಿತು ಅನ್ನುತ್ತಿದ್ದಾರೆ. ನಾನೂ ಮೊದಲು ಬೈದವನೇ. ಆದರೆ ಆಗ ಇಳಿಜಾರಿನ ತುದಿಯಲ್ಲಿ ನಿಂತಾಗ ಯಾರೋ ಜೊತೆಗಿದ್ದಾರೆ ಅನಿಸುತ್ತಿತ್ತು. ಈಗ ನಾನೊಬ್ಬನೇ ನಿಂತಿರುತ್ತೇನೆ. ಹಳೆಯದನ್ನು ವಾಪಸು ಕೊಡಲು ಆಗುತ್ತದೆಯೇ?" ಮಹಾನಂದಾ ಅದನ್ನು ಮತ್ತೆ ಮತ್ತೆ ಓದಿದಳು. ಅದರ ಮೇಲೆ 'ಅಭ್ಯಾಸ' ಎಂದು ಹಾಕಲು ಕೈ ಬರಲಿಲ್ಲ. ದೋಷ ಎಂದು ಹಾಕಿದಳು.

ಆಮೇಲೆ ಎದ್ದು ನೇರ ಪ್ರಯೋಗಾಲಯಕ್ಕೆ ಹೋದಳು.

"ಇಮ್ತಿಯಾಜ್, ಒಬ್ಬರ ತೋಲ ತಗೊಂಡು ಅದನ್ನ ಕನ್ನಡ್ಯಾಗ ನೋಡಿದಂಗ ಎಡ ಬಲ ತಿರುಗಿಸಾಕ ಬರತೈತೇನ್ರಿ?"

"ಬರತೈತ್ರಿ. ಯಾಕ?"

"ನಂದು ತಗೋರಿ. ಬಲಸೊಂಟದ್ದು ಎಡಕ್ಕ ಮಾಡ್ರಿ. ನಮ್ಮ ಮನಿ ಪಟ್ಟಿ ಒಂದಕ್ಕ ಹಾಕಿಕೊಡ್ರಿ, ಸಾಕು."

ಅವನು ಅವಳ ಮುಖ ನೋಡಿದ. ನಿಯಮ ಗಿಯಮ ಎನ್ನಲಿಲ್ಲ. ತಾನೇ ಬಾಗಿಲು ಹಾಕಿ, ತಂಗಿಗೆ ಅಂಟಿಸಿದ ಗುಂಡಿಗಳನ್ನೇ ಅಕ್ಕನ ಕಣಕಾಲಿಗೆ, ಮೊಣಕಾಲಿಗೆ, ಸೊಂಟಕ್ಕೆ, ಕಿವಿಯ ಹಿಂದೆ ಅಂಟಿಸಿದ. ಕಸ್ತೂರಿ ನಿಂತಿದ್ದ ಹಲಗೆಯ ಮೇಲೇ ಅವಳನ್ನು ನಿಲ್ಲಿಸಿದ. ಮಹಾನಂದಾ ಕಣ್ಣು ಮುಚ್ಚಿಕೊಂಡಳು. ನಲ್ಲಿ, ಪಾಳಿ, ಹಿಂದಿನಿಂದ ನೂಕುವವರು, ತಣ್ಣಗಿನ ಕೊಡದ ತಳ ಸೊಂಟಕ್ಕೆ ಒತ್ತುವುದು ಎಲ್ಲ ನೆನೆಸಿಕೊಂಡಳು. ಇಷ್ಟು ವರ್ಷ ಕಳೆದಿದ್ದರೂ ಬಲಸೊಂಟ ತಾನಾಗಿ ಹೊರಗೆ ಹೋಯಿತು. ಎಡಗೈ ಬಕೀಟಿನ ಹಿಡಿಗಾಗಿ ಸುಮ್ಮನೆ ಇಳಿಬಿದ್ದಿತ್ತು.

"ಆತ್ರಿ," ಎಂದ ಇಮ್ತಿಯಾಜ್. ಗುಂಡಿಗಳನ್ನು ಒಂದೊಂದಾಗಿ ಬಿಡಿಸತೊಡಗಿದ.

ಮರುದಿನ ಮಧ್ಯಾಹ್ನ ರಜೆ ಹಾಕಿ ಮನೆಯಲ್ಲೇ ಉಳಿದಳು. ಬಸಲಿಂಗವ್ವನ ಕೈಗೆ ಪಟ್ಟಿ ಕೊಟ್ಟು, "ಹಳೇದು ಸಿಕ್ಕೈತಿ, ಹಾಕ್ಕೊಂಡ ನೋಡ," ಎಂದಳು. ಮತ್ತೊಂದು ಸುಳ್ಳು. ಈ ಒಂದಾದರೂ ನಿಲ್ಲಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ತಾಯಿಗೆ ಉಳಿದದ್ದು ಅದೊಂದೇ. ಸುಳ್ಳಾದರೂ ಇರಲಿ, ಆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರಲು ಅವಳಿಗೊಂದು ಮಧ್ಯಾಹ್ನ ಬೇಕಿತ್ತು.

ಬಸಲಿಂಗವ್ವ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಮೈ ಕುರ್ಚಿಯಲ್ಲೇ ಎಡಕ್ಕೆ ಸರಿಯಿತು, ತಲೆ ಬಲಕ್ಕೆ ವಾಲಿತು. ಮಹಾನಂದಾ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು, ಪಕ್ಕದ ಮನೆಯ ಕುಕ್ಕರ್ ಕೂಗಿತು. ಕೊನೆಗೆ ಬಸಲಿಂಗವ್ವ ಕಣ್ಣು ತೆರೆಯದೆಯೇ ಹೇಳಿದಳು.

"ನೀರ ತುಳುಕಬಾರದಂತ ಉಸರ ಹಿಡಕೊಂಡ ನಿಂತೈತಿ ಇದು."

ಮಹಾನಂದಾ ಬಿಗಿಹಿಡಿದ ಉಸಿರು ಬಿಟ್ಟಳು.

"ಆಕಿ ಹಂಗ ನಿಲ್ಲತಿದ್ದಿಲ್ಲ. ತುಳುಕಲಿ, ಮೈಯೆಲ್ಲಾ ತೋಯಲಿ, ಆಕಿಗೇನು ಚಿಂತಿ ಇತ್ತು? ಆರಾಮ ನಿಲ್ಲತಿದ್ಲು. ಒಂದ ಹನಿ ಚೆಲ್ಲದಂಗ ತರಾಕಿ ನೀನ." ಅವಳು ಪಟ್ಟಿಯನ್ನು ಒಂದೊಂದೇ ಕಿವಿಯಿಂದ ಬಿಡಿಸಿ, ಮಡಿಚಿ, ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. "ನಂದಾ, ನೀ ಇಲ್ಲೇ ಅದಿಯಲ್ಲವಾ. ಅದರಾಗ ಯಾಕ ಹೋಗಿ ನಿಂತಿ?"

ತಂಗಿ ಹೋದ ದಿನ ಮಹಾನಂದಾ ಅತ್ತಿರಲಿಲ್ಲ. ತಾಯಿಯನ್ನು ಹ್ಯಾಗೆ ಸಂಭಾಳಿಸುವುದು ಎಂಬ ಚಿಂತೆಯಲ್ಲಿ ಅಳುವುದಕ್ಕೆ ಬಿಡುವಿರಲಿಲ್ಲ. ಆಮೇಲೂ ಒಂದು ಹನಿ ಚೆಲ್ಲದ ಹಾಗೇ ಇದ್ದಳು. ಈಗ ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವಳ ತೊಡೆಯ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು.

"ನಾ ಕೇಳತೇನಿ ಅಂದಿದ್ನಿ ಯವ್ವಾ. ನೀ ಹೇಳಿದಾಗ ನಾ ಕೇಳ್ಲಿಲ್ಲ."

"ಆತೇಳ," ಎಂದಳು ಬಸಲಿಂಗವ್ವ. "ಆತೇಳವಾ."

ಕುರ್ಚಿಯಿಂದ ಇಳಿದು ಅವಳೂ ನೆಲದ ಮೇಲೆ ಕೂತು ಗೋಡೆಗೆ ಒರಗಿದಳು. ಮಗಳನ್ನು ಮಗ್ಗುಲಿಗೆ ಮಲಗಿಸಿಕೊಂಡು, ನೀರು ತಂದ ದಿನಗಳಲ್ಲಿ ಮಾಡುತ್ತಿದ್ದ ಹಾಗೆ, ಒಂದು ಕೈಯಿಂದ ಅವಳ ಬಲಸೊಂಟವನ್ನು ಮೆಲ್ಲಗೆ ತಿಕ್ಕತೊಡಗಿದಳು. ಅವಳ ಇನ್ನೊಂದು ಕೈ ಆ ಕಡೆ ನೆಲದ ಮೇಲೆ ಅಂಗಾತ ಬಿದ್ದಿತ್ತು. ಅದಕ್ಕೆ ಮಾಡಲು ಕೆಲಸವಿರಲಿಲ್ಲ.